ಸಿನೆಮಾ ದೊಡ್ಡಮ್ಮನಿಗೆ ಹೊದಿಸಿದ ಶಾಲುಗಳು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗ ವಾಕರಿಕೆ ಬರುತ್ತದೆ. ನಿನ್ನೆ ಸಂಜೆ ಉಡುಪಿಯ ಒಂದು ಸಭಾಭವನದಲ್ಲಿ ನನ್ನ ಹೆಗಲಿಗೆ ಶಾಲು ಹೊದಿಸಿದರು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೊದಿಸಿಯೂ ಆಗಿತ್ತು, ಫೋಟೊ ತೆಗೆದೂ ಆಗಿತ್ತು. ಮನೆಗೆ ಬಂದವಳೇ ಅದನ್ನು ಚಾವಡಿಯ ಕುರ್ಚಿಯ ಮೇಲೆ ಎಸೆದೆ. ಬೆಳಿಗ್ಗೆ ಎದ್ದು ನೋಡಿದರೆ ಚಾವಡಿಯಿಡೀ ಅದೇ ವಾಸನೆ... ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಟ್ಟೆ, ನುಸಿಗುಳಿಗೆ, ಪ್ಲಾಸ್ಟಿಕ್ ಕವರು, ಮುಟ್ಟಿದರೆ ಬೆರಳಿಗೆ ಚುಚ್ಚುವ ಸುಳ್ಳು ಜರಿ. ಪಕ್ಕದ ಮನೆಯ ಕಪಾಟು ತೆರೆದಾಗ ಹೊಡೆಯುತ್ತಿದ್ದದ್ದು ಇದೇ ವಾಸನೆ. ಆ ಕಪಾಟು ತುಂಬ ಇದ್ದದ್ದು ಶಾಲುಗಳೇ.

ಉದ್ಯಾವರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಕೆಂಪುಕಲ್ಲಿನ ಒಂದು ಗಿಡ್ಡ ಪಾಗಾರ ಉಂಟು. ಮದರಾಸಿನಲ್ಲಿ ದೊಡ್ಡ ನಟಿಯಾಗಿದ್ದವರು, ಹಾಡಿನ ಸಿನೆಮಾಗಳ ರಾಣಿ ಎನಿಸಿಕೊಂಡವರು, ವಯಸ್ಸಾದ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದ್ದರು. ನಮ್ಮ ಓಣಿಯ ಮಕ್ಕಳು ಅವರನ್ನು ಸಿನೆಮಾ ಅಜ್ಜಿ ಎನ್ನುತ್ತಿದ್ದವು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಟೀಚರು, ನನ್ನ ಬಳಿ ಒಂದು ಹಳೆಯ ಕಾರು ಇತ್ತು. ಅವರ ತಂಗಿಗೆ ಮಂಡಿನೋವು. ಹಾಗಾಗಿ ದೊಡ್ಡಮ್ಮನಿಗೆ ಎಲ್ಲಿಗೆ ಹೋಗುವುದಿದ್ದರೂ ಜೊತೆಗೆ ನಾನು ಎಂದು ಯಾರೂ ಹೇಳದೆಯೇ ನಿಶ್ಚಯವಾಗಿಬಿಟ್ಟಿತು.

ಸಿನೆಮಾದವರು ಎಂದರೆ ಏನೋ ಬಿಂಕ ಇರುತ್ತದೆ ಎಂದುಕೊಂಡಿದ್ದೆ. ಬಂದ ವಾರವೇ ಅವರು ಮೀನಿನವಳನ್ನು ಗೇಟಿನಲ್ಲಿ ನಿಲ್ಲಿಸಿ, ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯದ್ದು, ಮೊನ್ನೆಯದ್ದೂ ಇರಬಹುದು ಎಂದು ಜಗಳ ತೆಗೆದರು. ಆಮೇಲೆ ಹಿತ್ತಿಲಲ್ಲಿ ಮಣೆ ಹಾಕಿ ಕುಳಿತು ತಾವೇ ಕೊಯ್ದರು. ಒಂದು ಕಾಲದಲ್ಲಿ ಕ್ಯಾಲೆಂಡರುಗಳಲ್ಲಿ ನೇತಾಡಿದ ಮುಖ ಅದು. ಅವರು ತಮ್ಮ ಕಥೆಯನ್ನೆಲ್ಲ ನನಗೆ ಹೇಳಿದ್ದು ಹೀಗೆ, ಕೈಯಲ್ಲಿ ಮೀನು ಹಿಡಿದುಕೊಂಡು, ಪಾಗಾರದ ಆಚೆಯಿಂದ.

ಹುಟ್ಟಿದ್ದು ಉಚ್ಚಿಲದಲ್ಲಿ. ಅಪ್ಪ ರಂಪಣಿ ಬಲೆ ಎಳೆಯುವವರು. ಅಮ್ಮ ಬುಟ್ಟಿ ಹೊತ್ತು ಎಲ್ಲೂರಿನ ಕಡೆಗೆ ಮೀನು ಮಾರಲು ಹೋಗುವವರು. ಅಮ್ಮನಿಗೆ ದಮ್ಮು, ಕೂಗಲು ಆಗುತ್ತಿರಲಿಲ್ಲ. ಕೂಗುವ ಕೆಲಸ ಮಗಳದ್ದು. ರಸ್ತೆಯಲ್ಲಿ ನಿಂತು ಕೂಗಿದರೆ ಗದ್ದೆಯಾಚೆಯ ಮನೆಯವರು ಪಾತ್ರೆ ಹಿಡಿದು ಹೊರಗೆ ಬರಬೇಕು. ನನ್ನ ಸಂಗೀತದ ಪಾಠ ಅದೇ ಎಂದು ಅವರು ನಗುತ್ತಿದ್ದರು. ಉಡುಪಿಯಲ್ಲಿ ಬೀಡುಬಿಟ್ಟ ಒಂದು ನಾಟಕ ಕಂಪೆನಿಯವರು ಆ ದನಿ ಕೇಳಿದರು, ಕರೆದುಕೊಂಡು ಹೋದರು. ಅಲ್ಲಿಂದ ಮದರಾಸು. ಮೊದಲ ಕೆಲವು ಸಿನೆಮಾಗಳಲ್ಲಿ ಅವರ ಹಾಡುಗಳನ್ನು ಅವರೇ ಹಾಡಿದ್ದರು. ಅದರಲ್ಲೊಂದು ಜೋಗುಳ. ಗಂಡನ ದೋಣಿ ಇನ್ನೂ ಬಂದಿಲ್ಲ, ಅಲೆಯೇ ಮೆಲ್ಲಗೆ ಬಾ, ಮಗು ಈಗಷ್ಟೇ ಮಲಗಿದೆ ಎಂದು ಒಬ್ಬಳು ಹೆಂಗಸು ಸಮುದ್ರಕ್ಕೆ ಹೇಳುವ ಹಾಡು. ಆ ಸಿನೆಮಾ ಓಡಲಿಲ್ಲ. ಅದರ ಪ್ರಿಂಟು ಯಾವ ಗೋದಾಮಿನಲ್ಲಿ ಕೊಳೆಯಿತೋ... ಈಗ ಎಲ್ಲಿಯೂ ಇಲ್ಲ.

ಆಮೇಲೆ ಒಬ್ಬ ಹೆಸರಾಂತ ಸಂಗೀತ ನಿರ್ದೇಶಕರು ಬಂದರು. ದೊಡ್ಡ ಸಿನೆಮಾ, ತುಂಬ ಹಾಡುಗಳು. ಸ್ಟುಡಿಯೋದಲ್ಲಿ ಎಲ್ಲರ ಎದುರು ಇವರಿಂದ ಒಂದು ಸಾಲು ಹಾಡಿಸಿ, ಆ ಮಹಾಶಯರು ಮೂಗಿಗೆ ಕರ್ಚೀಫು ಹಿಡಿದು ಹೇಳಿದರಂತೆ, ಮುಖವೇನೋ ಚೆನ್ನಾಗಿದೆ, ದನಿಯಲ್ಲಿ ಮಾತ್ರ ಮೀನಿನ ಬುಟ್ಟಿಯ ನಾತ ಎಂದು. ಎಲ್ಲರೂ ನಕ್ಕರು. ನೀವೆಂತ ಮಾಡಿದಿರಿ ಎಂದು ನಾನು ಕೇಳಿದೆ. ನಾನೂ ನಗಾಡಿದೆ, ಮತ್ತೆಂತ ಮಾಡುವುದು ಎಂದು ಅವರು ಬಂಗುಡೆಯ ಕರುಳು ಎಳೆದು ಬೆಕ್ಕಿಗೆ ಎಸೆದರು. ಆ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಹೆಸರಿನಲ್ಲಿ ಈಗಲೂ ಸಂಗೀತೋತ್ಸವಗಳು ನಡೆಯುತ್ತವೆ. ಪೇಪರಿನಲ್ಲಿ ಆ ಮುಖ ಕಂಡಾಗಲೆಲ್ಲ ನನಗೆ ಆ ಕರ್ಚೀಫೇ ಕಾಣುತ್ತದೆ, ಪುಟ ತಿರುಗಿಸಿಬಿಡುತ್ತೇನೆ.

ಹಾಡಿದ್ದು ಬೇರೆ ಒಬ್ಬ ಗಾಯಕಿ. ದೊಡ್ಡಮ್ಮ ತುಟಿ ಆಡಿಸಿದರು. ಆ ಸಿನೆಮಾ ಎಲ್ಲ ಕಡೆ ಓಡಿತು, ಅದರ ಒಂದು ಹಾಡಂತೂ ಮದುವೆಯಿಂದ ಹಿಡಿದು ಅಂಗಡಿಯ ಉದ್ಘಾಟನೆಯವರೆಗೆ ಇವತ್ತಿಗೂ ಮೊಳಗುತ್ತದೆ. ಅದಾದ ಮೇಲೆ ಅವರ ಸ್ವಂತ ದನಿಯನ್ನು ಯಾರೂ ಕೇಳಲಿಲ್ಲ. ಅಷ್ಟು ಸಿನೆಮಾಗಳು, ಅಷ್ಟು ಹಾಡುಗಳು, ಎಲ್ಲ ಬಾಯಿ ಇವರದ್ದು, ದನಿ ಬೇರೆಯವರದ್ದು. ಆ ಕೆಲಸವನ್ನೂ ಅವರು ಅರೆಮನಸ್ಸಿನಿಂದ ಮಾಡಿದವರಲ್ಲ. ಗಾಯಕಿ ಎಲ್ಲಿ ಉಸಿರು ತೆಗೆದುಕೊಂಡಿದ್ದಾಳೆ ಎಂದು ಕೇಳಿ ಕೇಳಿ ಕಲಿತು, ಅಲ್ಲೇ ತಾವೂ ಉಸಿರು ತೆಗೆದುಕೊಳ್ಳುತ್ತಿದ್ದರಂತೆ. ಪತ್ರಿಕೆಯವರು ಅವರಿಗೆ ಕೋಗಿಲೆ ಎಂದು ಬಿರುದು ಕೊಟ್ಟರು. ಅದನ್ನು ಹೇಳುವಾಗ ಮಾತ್ರ ಅವರ ಮುಖ ಹುಳಿ ತಿಂದವರ ಹಾಗೆ ಆಗುತ್ತಿತ್ತು.

ಊರಿಗೆ ಬಂದ ಮೇಲೆ ಸನ್ಮಾನಗಳ ಕಾಟ ಶುರುವಾಯಿತು. ನಮ್ಮ ಜಿಲ್ಲೆಯಲ್ಲಿ ಸನ್ಮಾನ ಇಲ್ಲದೆ ಒಂದು ಬಾವಿಗೆ ಪಂಪು ಸಹ ಕೂರಿಸುವುದಿಲ್ಲ. ಶಾಲೆಯ ವಾರ್ಷಿಕೋತ್ಸವ, ಯುವಕರ ಸಂಘದ ಹಬ್ಬ, ಸಹಕಾರಿಯ ಹೊಸ ಕಟ್ಟಡ, ಎಲ್ಲದಕ್ಕೂ ಶಾಲು ಹೊದಿಸಿಕೊಳ್ಳಲು ಒಬ್ಬರು ಬೇಕು. ದೊಡ್ಡಮ್ಮ ಸಿಕ್ಕಿದರು. ಪೇಟ ತೊಡಿಸುವುದು, ಅದು ಜಾರಿ ಕಣ್ಣಿನ ಮೇಲೆ ಬರುವುದು. ಗಂಧದ ಚಕ್ಕೆಯ ಹಾರ. ಫ್ರೇಮು ಹಾಕಿದ ಸನ್ಮಾನಪತ್ರ, ಅದನ್ನು ಓದುವವರು ಅರ್ಧಕ್ಕರ್ಧ ತಪ್ಪು ಓದುವುದು. ಮಿಂಚುವ ಕಾಗದ ಸುತ್ತಿದ ಹಣ್ಣಿನ ಬುಟ್ಟಿ, ಮೇಲೊಂದು ಸೇಬು, ಅಡಿಯಲ್ಲಿ ಕಾಯಿಕಾಯಿ ಮೂಸಂಬಿ. ಫೋಟೊ ಸರಿ ಬರಲಿಲ್ಲವೆಂದು ಆ ಬುಟ್ಟಿಯನ್ನು ವಾಪಸು ತೆಗೆದುಕೊಂಡು ಇನ್ನೊಮ್ಮೆ ಕೊಡುವುದು. ಒಂದು ಕಡೆ ಅದೇ ಬುಟ್ಟಿಯನ್ನು ಪರದೆಯ ಹಿಂದಿನಿಂದ ಸಾಗಿಸಿ ಮುಂದಿನ ಸನ್ಮಾನಿತರಿಗೆ ಕೊಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೂ ದೊಡ್ಡಮ್ಮ ಯಾವ ಆಮಂತ್ರಣವನ್ನೂ ತಳ್ಳಿಹಾಕುತ್ತಿರಲಿಲ್ಲ.

ಯಾಕೆ ಹೋಗುತ್ತೀರಿ ಎಂದು ಒಮ್ಮೆ ರೇಗಿದೆ. ಕಾರಿನ ಕನ್ನಡಿಯಲ್ಲಿ ಪೇಟದ ಗುರುತು ಬಿದ್ದ ಹಣೆಯನ್ನು ಉಜ್ಜಿಕೊಳ್ಳುತ್ತಾ ಅವರು ಹೇಳಿದರು,

"ನಮ್ಮ ಊರಿನವರ ಎದುರು ಒಮ್ಮೆ ನನ್ನ ದನಿಯಲ್ಲಿ ಒಂದು ಪದ ಹಾಡಬೇಕು ಮಾರಾಯ್ತಿ. ದನಿ ಇನ್ನೂ ಸ್ವಲ್ಪ ಉಂಟು. ಮತ್ತೆ ಅದೂ ಇರುವುದಿಲ್ಲ."

ಅಷ್ಟೇ ಆಸೆ. ಕರೆಯಲು ಬಂದವರಿಗೆಲ್ಲ ಅವರು ಹಾಕುತ್ತಿದ್ದ ಷರತ್ತೂ ಅದೊಂದೇ, ಮೈಕಿನಲ್ಲಿ ಒಂದು ಹಾಡು ಹಾಡಲು ಬಿಡಬೇಕು. ಎಲ್ಲರೂ ಖಂಡಿತ ಅಮ್ಮ, ಅದು ನಮ್ಮ ಭಾಗ್ಯ ಎನ್ನುತ್ತಿದ್ದರು. ವೇದಿಕೆಯ ಮೇಲೆ ಮಾತ್ರ ಶಾಸಕರು ಬರುವುದು ತಡವಾಗುತ್ತಿತ್ತು, ಅಧ್ಯಕ್ಷರ ಭಾಷಣ ಮುಗಿಯುತ್ತಿರಲಿಲ್ಲ, ಕೊನೆಗೆ ನಿರೂಪಕರು ಸಮಯದ ಅಭಾವದಿಂದ ಎಂದು ಶುರುಮಾಡುತ್ತಿದ್ದರು. ಆ ಮಾತು ಕೇಳಿದೊಡನೆ ದೊಡ್ಡಮ್ಮ ಕನ್ನಡಕ ತೆಗೆದು ಚೀಲಕ್ಕೆ ಹಾಕುತ್ತಿದ್ದರು. ಅವರು ಕನ್ನಡಕ ಹಾಕುತ್ತಿದ್ದದ್ದು ಹಾಡುವಾಗ ಜನರ ಮುಖ ಕಾಣಬೇಕು ಎಂದು.

ಕಾಪುವಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೀಚಿನಲ್ಲಿ ಏನೋ ಉತ್ಸವ. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಇವರನ್ನು ನಿಲ್ಲಿಸಿ, ಸ್ಪೀಕರಿನಲ್ಲಿ ಆ ಪ್ರಸಿದ್ಧ ಹಾಡು ಹಾಕಿ, ಅಮ್ಮ, ಸುಮ್ಮನೆ ಬಾಯಿ ಆಡಿಸಿ, ನಾವು ರೀಲ್ಸ್ ಮಾಡುತ್ತೇವೆ ಎಂದರು. ಎಂಬತ್ತರ ಹತ್ತಿರದ ಜೀವ. ಬಿಸಿಲಿಗೆ ಮುಖ ಕೆಂಪಾಗಿತ್ತು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ, ಸಂಘಟಕರು ನನ್ನನ್ನು ದುರುಗುಟ್ಟಿ ನೋಡಿದರು. ಹಾಗಿದ್ದರೂ ಶಾಲು ಹೊದಿಸಿಯೇ ಕಳಿಸಿದರು.

ಆ ಶಾಲುಗಳಿಗೆ ದೊಡ್ಡಮ್ಮ ಒಂದು ದಾರಿ ಕಂಡುಕೊಂಡಿದ್ದರು. ನಮ್ಮ ಓಣಿಯ ಕೊನೆಯಲ್ಲಿ ದೊಡ್ಡ ವಸತಿ ಕಟ್ಟಡ ಏಳುತ್ತಿತ್ತು. ಕೊಪ್ಪಳದ ಕಡೆಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿ ಇದ್ದರು. ಅಲ್ಲೊಬ್ಬ ಹೆಂಗಸು ತನ್ನ ಎಳೆಗೂಸನ್ನು ಸಿಮೆಂಟಿನ ಚೀಲದ ಮೇಲೆ ಮಲಗಿಸಿ ಕೆಲಸಕ್ಕೆ ಹೋಗುವುದನ್ನು ಕಂಡು, ಇವರು ಎರಡು ಶಾಲು ಗಂಟು ಹಾಕಿ ಕಂಬಕ್ಕೂ ಮರಕ್ಕೂ ಜೋಲಿ ಕಟ್ಟಿಕೊಟ್ಟರು. ಆಮೇಲೆ ಶೆಡ್ಡಿನವರ ಮಕ್ಕಳೆಲ್ಲ ಜರಿ ಶಾಲಿನ ಜೋಲಿಯಲ್ಲೇ ಮಲಗಿದ್ದು. ತಾಯಿ ಮೇಲಿನ ಅಂತಸ್ತಿಗೆ ಕಲ್ಲು ಹೊರಲು ಹೋದಾಗ ಇವರು ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕುಳಿತು ಜೋಲಿ ತೂಗುತ್ತಿದ್ದರು, ಹಾಡುತ್ತಿದ್ದರು. ರಜೆಯ ದಿನ ಮಧ್ಯಾಹ್ನ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಆ ಜೋಗುಳ ನಾನು ಕೇಳಿದ್ದು ಅಲ್ಲಿ. ಸವೆದ ದನಿ, ಸ್ವಲ್ಪ ಒರಟು, ಆದರೆ ದೂರಕ್ಕೆ ಹೋಗುವಂಥದ್ದು. ಕಾಂಕ್ರೀಟಿನ ಮಿಕ್ಸರು ಗರಗರ ತಿರುಗುತ್ತಿದ್ದರೂ ಅದು ಕೇಳುತ್ತಿತ್ತು. ಒಮ್ಮೆ ಫೋನಿನಲ್ಲಿ ರೆಕಾರ್ಡು ಮಾಡಲೇ ಎಂದಾಗ ಅವರು ಫೋನನ್ನು ಕೈಯಿಂದ ಸರಿಸಿಬಿಟ್ಟರು. ಡಬ್ಬದಲ್ಲಿ ತುಂಬಿದ ದನಿ ಸಾಕಾಯ್ತು, ಕೇಳುವವರು ಎದುರು ಕೂತು ಕೇಳಲಿ ಎಂದರು. ಅದರ ಮೇಲೆ ನಾನು ಆ ಮಾತು ಎತ್ತಲಿಲ್ಲ.

ಕಾರ್ಕಳದ ಸನ್ಮಾನ ಬಂದದ್ದು ಆಗ. ಭಾರಿ ಸಭೆ, ತುಂಬಿದ ಸಭಾಂಗಣ. ಕರೆಯಲು ಬಂದವರು ಒಳ್ಳೆಯವರ ಹಾಗೆ ಕಂಡರು. ಹಾಡಿಗೆ ಜಾಗ ಇಟ್ಟಿದ್ದೇವೆ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಮಾಡಿಸಿ ತಂದು ತೋರಿಸಿದರು. ದೊಡ್ಡಮ್ಮ ಆ ವಾರ ತಣ್ಣೀರು ಮುಟ್ಟಲಿಲ್ಲ. ಹಸಿಶುಂಠಿ ಜಗಿದರು. ಬೆಳಿಗ್ಗೆ ಬೆಳಿಗ್ಗೆ ಪಾಗಾರದ ಆಚೆಯಿಂದ ಮೆಲ್ಲನೆ ಸ್ವರ ಹಿಡಿಯುವುದು ಕೇಳುತ್ತಿತ್ತು.

ಶಾಲು, ಪೇಟ, ಬುಟ್ಟಿ ಎಲ್ಲ ಆಯಿತು. ನಿಜವಾಗಿಯೂ ಮೈಕು ಕೊಟ್ಟರು. ದೊಡ್ಡಮ್ಮ ಪೇಟ ತೆಗೆದು ಕುರ್ಚಿಯ ಮೇಲಿಟ್ಟರು, ಕನ್ನಡಕ ಹಾಕಿಕೊಂಡು ಜನರನ್ನು ನೋಡಿದರು, ಜೋಗುಳ ಶುರುಮಾಡಿದರು. ನಾನು ಮೊದಲ ಸಾಲಿನಲ್ಲಿದ್ದೆ. ಹಾಡಿನ ಶುರುವಿಗೆ ದನಿ ಸ್ವಲ್ಪ ನಡುಗಿತು, ಆಮೇಲೆ ಗಟ್ಟಿಯಾಗಿ ನಿಂತಿತು. ಹಿಂದಿನಿಂದ ಯಾರೋ ಇದು ಯಾವ ಪದ ಎಂದು ಕೇಳಿದರು. ಗುಸುಗುಸು ಎದ್ದಿತು. ಜನ ಕಾಯುತ್ತಿದ್ದದ್ದು ಇನ್ನೊಂದು ಹಾಡಿಗೆ. ಅಜ್ಜಿಗೆ ಮರೆತುಹೋಗಿದೆ ಎಂದು ಒಬ್ಬ ಗಂಡಸು ದೊಡ್ಡದಾಗಿಯೇ ಹೇಳಿದ. ಅಷ್ಟರಲ್ಲಿ ಸ್ಪೀಕರುಗಳಿಂದ ಆ ಪ್ರಸಿದ್ಧ ಹಾಡು ಭೋರ್ಗರೆದು ಬಂತು. ಆ ಗಾಯಕಿಯ ದನಿ, ಪಿಟೀಲುಗಳು, ಎಲ್ಲ.

ಧ್ವನಿವರ್ಧಕದ ಹುಡುಗ ಹಾಕಿದ್ದು. ಜನರು ಕುಣಿದಾಡಿದರು, ಶಿಳ್ಳೆ ಹೊಡೆದರು, ಎಲ್ಲ ಕೈಗಳಲ್ಲಿ ಫೋನುಗಳು ಎದ್ದವು. ದೊಡ್ಡಮ್ಮನ ದನಿ ಅದರಡಿಯಲ್ಲಿ ಸ್ವಲ್ಪ ಹೊತ್ತು ಇತ್ತು, ಮತ್ತೆ ಇಲ್ಲವಾಯಿತು. ಅವರು ಮೈಕು ಹಿಡಿದುಕೊಂಡು ಸುಮ್ಮನೆ ನಿಂತರು. ಕೆಳಗಿಡುತ್ತಾರೆ ಎಂದುಕೊಂಡು ನಾನು ಎದ್ದೆ. ಆಗ ಅವರ ತುಟಿಗಳು ಆಡತೊಡಗಿದವು. ಒಂದು ಅಕ್ಷರವೂ ತಪ್ಪದ ಹಾಗೆ, ಉಸಿರೂ ತಪ್ಪದ ಹಾಗೆ. ಕೈ ತಾನಾಗಿ ಮೇಲೆದ್ದಿತು, ಕತ್ತು ಆ ಕಾಲದ ಹಾಗೆಯೇ ಓರೆಯಾಯಿತು. ಅಂಥ ಚಪ್ಪಾಳೆ ನಾನು ಜನ್ಮದಲ್ಲಿ ಕೇಳಿಲ್ಲ. ಆ ಚಪ್ಪಾಳೆ ಹೊಡೆದ ಒಬ್ಬೊಬ್ಬರ ಮೇಲೂ ನನಗೆ ಅವತ್ತು ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಸಭೆ ಮುಗಿದ ಮೇಲೆ ಆ ಹುಡುಗ ಬಂದು ಕಾಲಿಗೆ ಬಿದ್ದ. ಹಾಡು ಮರೆತುಹೋಗಿದೆ ಎಂದುಕೊಂಡೆ ಅಮ್ಮ, ನಿಮ್ಮ ಮರ್ಯಾದೆ ಹೋಗಬಾರದು ಅಂತ ಹಾಕಿದ್ದು ಎಂದ. ಪಾಪ, ಅವನ ಕಣ್ಣಲ್ಲಿ ನೀರಿತ್ತು. ಅವನ ಮೇಲೂ ಸಿಟ್ಟು ಮಾಡುವ ಹಾಗಿಲ್ಲವಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ದೊಡ್ಡಮ್ಮ ಅವನ ತಲೆ ಸವರಿ, ಒಳ್ಳೇದಾಯ್ತು ಮಗ ಎಂದರು.

ವಾಪಸು ಬರುವಾಗ ಕಾರು ಬೆಳ್ಮಣ್ಣು ದಾಟಿತು. ಅವರು ಹೊಸ ಶಾಲಿನ ತುದಿಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಬಣ್ಣ ಹಚ್ಚಿರಲಿಲ್ಲ, ಆದರೂ ಒರೆಸುತ್ತಲೇ ಇದ್ದರು. ಜರಿ ತಾಗಿ ತುಟಿಯ ಅಂಚು ಕೆಂಪಾಗಿತ್ತು. ಶಿರ್ವದ ಹತ್ತಿರ ಬಂದಾಗ ಹೊರಗೆ ನೋಡುತ್ತಾ ಹೇಳಿದರು,

"ಬಾಯಿ ತಾನಾಗಿಯೇ ಹೋಯ್ತು. ನನಗೇ ಹೇಸಿಗೆ ಆಗ್ತಾ ಉಂಟು."

ನಾನು ಕಾರು ಓಡಿಸಿದೆ.

ಅದರ ಮೇಲೆ ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಶೆಡ್ಡಿನ ಹತ್ತಿರ ಕೂರುತ್ತಿದ್ದರು, ಜೋಲಿ ತೂಗುತ್ತಿದ್ದರು. ಹಾಡು ಕಡಿಮೆಯಾಯಿತು. ಕೆಮ್ಮು ಹಿಡಿಯಿತು, ಮಣಿಪಾಲದ ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ವಾಪಸು ಬರಲಿಲ್ಲ. ಹೋದ ದಿನ ಎಲ್ಲ ಚಾನೆಲ್ಲುಗಳಲ್ಲೂ ಕಾರ್ಕಳದ ಆ ವೀಡಿಯೊ. ಈ ಇಳಿವಯಸ್ಸಿನಲ್ಲೂ ಎಂಥ ಮಧುರ ಕಂಠ, ಹಾಡು ನಿಲ್ಲಿಸಿದ ಕೋಗಿಲೆ ಎಂದು ಕೆಳಗೆ ಅಕ್ಷರಗಳು ಓಡುತ್ತಿದ್ದವು. ಅವರ ತಂಗಿ ಎದ್ದು ಟಿವಿ ಆರಿಸಿದರು. ಓಣಿಯ ಉಳಿದ ಮನೆಗಳಲ್ಲಿ, ಎದುರಿನ ಅಂಗಡಿಯಲ್ಲಿ ಅದೇ ಹಾಡು ಕೇಳುತ್ತಲೇ ಇತ್ತು.

ನಿನ್ನೆಯದ್ದು ಅವರ ವರ್ಷದ ನೆನಪಿನ ಕಾರ್ಯಕ್ರಮ. ಅವರ ಹೆಸರಿನಲ್ಲಿ ಏನು ಇಟ್ಟಿದ್ದರು ಎನ್ನುತ್ತೀರಿ? ಕರೋಕೆ ಸ್ಪರ್ಧೆ. ಒಬ್ಬರಾದ ಮೇಲೆ ಒಬ್ಬರು ಬಂದು ಆ ಒಂದೇ ಹಾಡನ್ನು ಹಾಡಿದರು, ಹಾಡಿದರು, ಹಾಡಿದರು. ಕೊನೆಯಲ್ಲಿ ಅವರನ್ನು ನೋಡಿಕೊಂಡ ನೆರೆಮನೆಯವರು ಎಂದು ನನಗೆ ಶಾಲು. ಎರಡು ಮಾತು ಆಡಿ ಎಂದರು. ಆಡಿದೆ. ನೀವು ಇಷ್ಟು ಹೊತ್ತು ಕೇಳಿದ ಹಾಡಿನಲ್ಲಿ ಅವರ ದನಿಯೇ ಇಲ್ಲ, ಅವರು ತಮ್ಮ ದನಿಯಲ್ಲಿ ಹಾಡಲು ಹೊರಟಾಗ ನೀವು ಸ್ಪೀಕರಿನಿಂದ ಮುಚ್ಚಿದಿರಿ ಎಂದೆ. ನಿರೂಪಕಿ ಮೈಕು ತೆಗೆದುಕೊಂಡು, ಮೇಡಂ ಬಹಳ ಭಾವುಕರಾಗಿದ್ದಾರೆ ಎಂದರು. ಚಪ್ಪಾಳೆ. ಇಳಿಯುವಾಗ ಸಂಘಟಕರು ನನ್ನ ಹತ್ತಿರ ಬಗ್ಗಿ, ಅದೆಲ್ಲ ಟೆಕ್ನಿಕಲ್ ವಿಷಯ ಮೇಡಂ, ಜನರಿಗೆ ಎಂತಕ್ಕೆ ಎಂದರು. ಊಟ ಮಾಡಿಕೊಂಡೇ ಹೋಗಬೇಕು ಎಂದೂ ಹೇಳಿದರು.

ಇವತ್ತು ಬೆಳಿಗ್ಗೆ ಆ ಶಾಲನ್ನು ಹಿಡಿದುಕೊಂಡು ಓಣಿಯ ಕೊನೆಗೆ ಹೋದೆ. ಕಟ್ಟಡ ಮುಗಿದಿದೆ. ಶೆಡ್ಡುಗಳು ಪಕ್ಕದ ಜಾಗಕ್ಕೆ ಹೋಗಿವೆ, ಅಲ್ಲಿ ಇನ್ನೊಂದು ಅಡಿಪಾಯ ಅಗೆಯುತ್ತಿದ್ದಾರೆ. ಆ ಕೊಪ್ಪಳದ ಹೆಂಗಸಿಗೆ ಈಗ ಇನ್ನೊಂದು ಕೂಸು. ಜೋಲಿಯ ಜರಿ ಎಲ್ಲ ಉದುರಿ, ಬಟ್ಟೆ ಮೆತ್ತಗಾಗಿದೆ. ಅವಳು ಪಾತ್ರೆ ತೊಳೆಯುತ್ತಾ, ಕಾಲಿನ ಬೆರಳಿಗೆ ಕಟ್ಟಿದ ಹಗ್ಗದಿಂದ ಜೋಲಿ ತೂಗುತ್ತಾ ಏನೋ ಹಾಡುತ್ತಿದ್ದಳು. ಶುರುವಿನಲ್ಲಿ ಅದೇ ಜೋಗುಳ ಅನಿಸಿತು. ಮುಂದೆ ಹೋದ ಹಾಗೆ ಬೇರೆ ಏನೋ ಆಯಿತು. ಇದು ಅವರ ಹಾಡಾ ಎಂದು ಕೇಳಿದೆ.

"ಅಮ್ಮಾರು ಹಾಡತಿದ್ದದ್ದು ಇದರಾಗ ಐತ್ರಿ. ಆದ್ರ ಯಾವುದು ಅವರದು ಅಂತ ಈಗ ಹೇಳಾಕ ಬರಂಗಿಲ್ರಿ. ನಮ್ಮವ್ವನ ಹಾಡಿನ ಕೂಡ ಕಲೆತು ಹೋಗೈತಿ."

ನಾನು ಎಷ್ಟು ಸಲ ಕೇಳಿದ್ದೆ, ನನಗೆ ನೆನಪಿಲ್ಲದಿರುತ್ತದೆಯೇ? ಸ್ಟೂಲಿನ ಮೇಲೆ ಕುಳಿತೆ, ಜೋಲಿಗೆ ಕೈ ಹಾಕಿದೆ. ಅಲೆಯೇ ಮೆಲ್ಲಗೆ ಬಾ... ಮಾತು ಬಂತು, ಧಾಟಿ ಬರಲಿಲ್ಲ. ಕಣ್ಣು ಮುಚ್ಚಿ ಆ ಒರಟು ದನಿಯನ್ನು ನೆನೆದೆ. ಇನ್ನೊಮ್ಮೆ ಪ್ರಯತ್ನಿಸಿದೆ. ಈ ಸಲ ಧಾಟಿ ಸರಾಗವಾಗಿ ಬಂತು, ನಾನು ಹಾಡತೊಡಗಿದೆ. ಪಾತ್ರೆ ತೊಳೆಯುತ್ತಿದ್ದವಳು ತಲೆಯೆತ್ತಿ ನಕ್ಕಳು. ಈ ಹಾಡು ನನಗೂ ಗೊತ್ತೈತ್ರಿ, ಫೋನಿನ್ಯಾಗ ಬರತೈತಿ ಎಂದಳು. ಆಗ ಗೊತ್ತಾಯಿತು, ನಾನು ಹಾಡುತ್ತಿದ್ದದ್ದು ಆ ಪ್ರಸಿದ್ಧ ಹಾಡು.

ಬಾಯಿ ಮುಚ್ಚಿಕೊಂಡೆ. ಕೈಯಲ್ಲಿದ್ದ ಹೊಸ ಶಾಲಿನಿಂದ ತುಟಿ ಒರೆಸಿಕೊಂಡೆ. ಜರಿ ಚುಚ್ಚಿತು.